ಉಪವಾಸವೂ ಥೈರಾಯ್ಡ್ ರಕ್ತಪರೀಕ್ಷೆಯೂ

ದಶಲಕ್ಷಣ ಪರ್ವದ ಹತ್ತು ದಿನಗಳ ಉಪವಾಸವನ್ನು ನಿರ್ವಿಘ್ನವಾಗಿ ಪೂರೈಸಿದ ಶ್ರಾವಿಕೆಯೊಬ್ಬಳು, ಪಾರಣೆಯ ಮರುದಿನ ಮನೆಯವರ ಒತ್ತಾಯದಿಂದ ರಕ್ತಪರೀಕ್ಷೆ ಮಾಡಿಸಿಕೊಂಡಳೆಂದು ಭಾವಿಸೋಣ. ವರದಿಯಲ್ಲಿ ಟಿ-3 ಎಂಬುದರ ಎದುರು ಕಡಿಮೆ ಎಂಬ ಗುರುತಿದೆ. ವ್ರತವೇ ರೋಗ ತಂದಿತೆಂದು ಒಬ್ಬರು, ಇಂದೇ ಮಾತ್ರೆ ಆರಂಭಿಸಬೇಕೆಂದು ಇನ್ನೊಬ್ಬರು. ಎರಡೂ ದುಡುಕಿನ ಮಾತುಗಳೇ.

ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಹೆಚ್ಚಾಗಿ ಸ್ರವಿಸುವುದು ಟಿ-4 ಎಂಬ ಹಾರ್ಮೋನನ್ನು. ಅದರಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿವೆ. ಯಕೃತ್ತು ಮೊದಲಾದ ಅವಯವಗಳು ಅವುಗಳಲ್ಲೊಂದನ್ನು ಕಳೆದು ಟಿ-3 ಆಗಿ ಮಾರ್ಪಡಿಸುತ್ತವೆ; ಚುರುಕಾಗಿ ಕೆಲಸ ಮಾಡುವುದು ಇದೇ. ಆಹಾರ ನಿಂತ ಎರಡು ಮೂರು ದಿನಗಳೊಳಗೆ ಈ ಮಾರ್ಪಾಡು ತಗ್ಗಿ, ಟಿ-4 ನಿಷ್ಕ್ರಿಯವಾದ ಇನ್ನೊಂದು ರೂಪಕ್ಕೆ ತಿರುಗುವುದು ಹೆಚ್ಚುತ್ತದೆ. ವರಮಾನ ನಿಂತಾಗ ಮನೆಯ ಯಜಮಾನನು ಖರ್ಚಿಗೆ ಕೈ ಬಿಗಿಹಿಡಿಯುವಂತೆ ಶರೀರವೂ ಶಕ್ತಿಯ ವ್ಯಯವನ್ನು ತಗ್ಗಿಸಿಕೊಳ್ಳುತ್ತದೆ. ಅನಶನದಿಂದ ಹೀಗೆ ಇಳಿದ ಟಿ-3 ಗ್ರಂಥಿಯ ರೋಗವಲ್ಲ. ಆಹಾರ ಮರಳಿದ ಮೇಲೆ ತಾನಾಗಿಯೇ ಏರುತ್ತದೆ.

ಗ್ರಂಥಿಯ ಸ್ಥಿತಿಯನ್ನು ಅಳೆಯಲು ಮೊದಲು ನೋಡಬೇಕಾದುದು ಟಿ.ಎಸ್.ಎಚ್. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ ಬರುವ ಆಜ್ಞೆಯಿದು. ಗ್ರಂಥಿ ಸೋತರೆ ಆಜ್ಞೆ ಜೋರಾಗುತ್ತದೆ. ಗ್ರಂಥಿ ಮಿತಿಮೀರಿದರೆ ಆಜ್ಞೆ ಅಡಗುತ್ತದೆ. ವಯಸ್ಕರಲ್ಲಿ ಸುಮಾರು 0.4ರಿಂದ 4.0ರವರೆಗೆ ಸಹಜವೆನ್ನುವರು, ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಈ ಮಿತಿ ಸ್ವಲ್ಪ ಬೇರೆಯಿರುತ್ತದೆ, ಗರ್ಭಿಣಿಯರಿಗಂತೂ ಬೇರೆಯೇ ಉಂಟು. ದೀರ್ಘ ಉಪವಾಸದಲ್ಲಿ ಟಿ.ಎಸ್.ಎಚ್. ಕೂಡ ಕೊಂಚ ಇಳಿಯಬಹುದು. ಆದುದರಿಂದ ತುರ್ತಿಲ್ಲದಿದ್ದರೆ ಪಾರಣೆಯಾಗಿ ಕೆಲವು ವಾರಗಳು ಕಳೆದ ಮೇಲೆ ಪರೀಕ್ಷೆ ಮಾಡಿಸುವುದೇ ಲೇಸು. ಬೆಳಗಿನ ಬರಿಹೊಟ್ಟೆಯಲ್ಲಿ ಈ ಅಂಕೆ ಹೆಚ್ಚು, ಮಧ್ಯಾಹ್ನದ ಹೊತ್ತಿಗೆ ಕಡಿಮೆ. ಎರಡು ವರದಿಗಳನ್ನು ಹೋಲಿಸುವವರು ಒಂದೇ ವೇಳೆಯಲ್ಲಿ ರಕ್ತ ಕೊಟ್ಟಿರಬೇಕು. ಕೂದಲಿನ ಪುಷ್ಟಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಅದನ್ನು ಎರಡು ದಿನ ಮೊದಲೇ ನಿಲ್ಲಿಸಲಿ. ಅದು ಕೆಲವು ಯಂತ್ರಗಳನ್ನು ದಾರಿತಪ್ಪಿಸುತ್ತದೆ.

ನಿಜವಾದ ತೊಡಕಿರುವುದು ಈಗಾಗಲೇ ಥೈರಾಕ್ಸಿನ್ ಮಾತ್ರೆ ಸೇವಿಸುವವರಿಗೆ. ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ ಅರ್ಧದಿಂದ ಒಂದು ತಾಸು ಕಾಯಬೇಕೆಂಬುದು ವೈದ್ಯರ ನಿಯಮ. ಅನ್ನ ನೀರು ಒಂದೇ ಹೊತ್ತು ಎಂಬುದು ಏಕಾಶನದ ನಿಯಮ. ಈ ಮಾತ್ರೆಯ ಅಂಶ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಹೀಗಾಗಿ ಚತುರ್ದಶಿಯ ಒಂದು ದಿನ ತಪ್ಪಿದರೆ ಸಾಮಾನ್ಯವಾಗಿ ಹಾನಿಯಿಲ್ಲ. ಹತ್ತು ದಿನ ಬಿಡುವುದು ಬೇರೆ ಮಾತು. ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನೇ ತೆಗೆಸಿಕೊಂಡವರಿಗೆ, ಗರ್ಭಿಣಿಯರಿಗೆ, ಹೃದ್ರೋಗಿಗಳಿಗೆ ಅದು ಸಲ್ಲದು. ಇಂಥವರು ವ್ರತ ಸ್ವೀಕರಿಸುವ ಮುನ್ನವೇ ವೈದ್ಯರನ್ನು ಕೇಳಿ, ಗುರುಗಳಲ್ಲಿ ಅರಿಕೆ ಮಾಡಿಕೊಂಡು, ಸೂರ್ಯೋದಯದ ಎರಡು ಗಳಿಗೆಯ ನಂತರ ಔಷಧಕ್ಕೂ ಒಂದು ಗುಟುಕು ನೀರಿಗೂ ಅವಕಾಶವಿಟ್ಟುಕೊಳ್ಳಬಹುದು. ಮನೆಯವರಿಗೆ ತಿಳಿಸದೆ ಮಾತ್ರೆ ಬಿಟ್ಟು, ಪರ್ವ ಮುಗಿದೊಡನೆ ಪರೀಕ್ಷೆಗೆ ಹೋಗುವುದು ಎಲ್ಲಕ್ಕಿಂತ ಕೆಟ್ಟದು, ಏರಿದ ಟಿ.ಎಸ್.ಎಚ್. ಕಂಡ ವೈದ್ಯರು ಪ್ರಮಾಣ ಸಾಲದೆಂದೆಣಿಸಿ ಹೆಚ್ಚಿಸುವರು, ಎದೆಬಡಿತದ ಬಾಧೆ ಆಮೇಲೆ ಬರುವುದು. ಎಷ್ಟು ದಿನ ಮಾತ್ರೆ ತಪ್ಪಿತು, ಎಷ್ಟು ಉಪವಾಸಗಳಾದವು ಎಂಬುದನ್ನು ವರದಿಯೊಡನೆ ಚೀಟಿಯಲ್ಲಿ ಬರೆದೊಯ್ಯಿರಿ. ಪ್ರಮಾಣ ಬದಲಾದರೆ ಮುಂದಿನ ಪರೀಕ್ಷೆ 6ರಿಂದ 8 ವಾರಗಳ ಬಳಿಕ. ಆ ಬೆಳಿಗ್ಗೆ ಮೊದಲು ರಕ್ತ ಕೊಟ್ಟು, ಅನಂತರ ಮಾತ್ರೆ.