ಕೆರೆಯ ನೀರಿಗೊಂದು ಕ್ಯಾಮರಾ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಈ ಕೊರತೆಯನ್ನು ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿ ನೀಗಿಸಿಕೊಂಡರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ—ಈ ಯಾವ ಊರಿನಿಂದ ಹೊರಟರೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಕೆರೆಯ ಏರಿ ನಮಗೆದುರಾಗುತ್ತದೆ. ಬಹುಕಾಲ ಬತ್ತಿದ್ದ ಕೆರೆಗಳಲ್ಲಿ ಹಲವಕ್ಕೆ 2018ರ ಜೂನ್ ತಿಂಗಳಿನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಬರತೊಡಗಿತು. ಆ ನೀರನ್ನು ಮೊದಲು ಕಂಡದ್ದು ಲಕ್ಷ್ಮೀಸಾಗರದ ಕೆರೆ. ನೀರಿದ್ದಲ್ಲಿ ಮೀನು, ಗೊದಮೊಟ್ಟೆ, ಬಸವನಹುಳು, ಏರೋಪ್ಲೇನ್ ಚಿಟ್ಟೆಯ ಮರಿ, ಬಗೆಬಗೆಯ ಪಾಚಿ ಎಲ್ಲವೂ ಉಂಟು. ಈ ಮುಳುಗಿದ ಪ್ರಪಂಚವನ್ನು ಅದರೊಳಗಿನಿಂದಲೇ ಚಿತ್ರಿಸಬೇಕೆಂಬ ಆಸೆ ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಸಹಜ.

ಆದರೆ ಆಸೆಗೂ ಹಣಕ್ಕೂ ನಡುವೆ ಅಂತರವಿರುತ್ತದೆ. ನೀರಿನಲ್ಲಿ ಒಂದು, ನೆಲದ ಮೇಲೆ ಇನ್ನೊಂದು ಎಂದು ಎರಡು ಕ್ಯಾಮರಾ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಕೊಳ್ಳುವ ಒಂದೇ ಕ್ಯಾಮರಾ ಎರಡು ಕಡೆಗೂ ಒದಗಬೇಕು. ಅಂಗಡಿಯಲ್ಲಿಯೋ ‘ಇಷ್ಟು ಮೆಗಾಪಿಕ್ಸೆಲ್, ಇಷ್ಟು ಮೀಟರ್ ಆಳ’ ಎಂಬ ಎರಡು ಅಂಕಿಗಳನ್ನೇ ಮುಂದಿಡುತ್ತಾರೆ. ನಮ್ಮ ಕೆರೆಗಳ ಮಟ್ಟಿಗೆ ಈ ಎರಡೂ ಅಂಕಿಗಳಿಗೆ ಹೆಚ್ಚಿನ ಬೆಲೆಯಿಲ್ಲ. ಹಾಗಾದರೆ ಯಾವುದಕ್ಕೆ ಬೆಲೆ? ಅದನ್ನು ತಿಳಿಯಲು ಕ್ಯಾಮರಾವನ್ನು ನೋಡುವುದಕ್ಕೆ ಮೊದಲು ನೀರನ್ನು ನೋಡಬೇಕು.

ಬಿಳಿಯ ತಟ್ಟೆಯ ಪ್ರಯೋಗ

ಆಂಜೆಲೊ ಸೆಕ್ಕಿ ಎಂಬ ಇಟಲಿಯ ಖಗೋಳ ವಿದ್ವಾಂಸರು 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿಯ ಬಿಲ್ಲೆಗಳನ್ನು ಇಳಿಬಿಟ್ಟು, ಅವು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತವೆಂಬುದನ್ನು ಪರೀಕ್ಷಿಸಿದರು. ನೀರಿನ ತಿಳಿಯನ್ನು ಅಳೆಯಲು ಈ ಸರಳ ಉಪಾಯವೇ ಇಂದಿಗೂ ಬಳಕೆಯಲ್ಲಿದೆ. ಕೆರೆ ಸರೋವರಗಳಲ್ಲಿ ಸಾಮಾನ್ಯವಾಗಿ 20 ಸೆಂಟಿಮೀಟರ್ ಅಗಲದ ಬಿಲ್ಲೆಯನ್ನು ಉಪಯೋಗಿಸುತ್ತಾರೆ. ಅಷ್ಟೇ ಅಗಲದ ತಟ್ಟೆಯೊಂದಕ್ಕೆ ಬಿಳಿಯ ಬಣ್ಣ ಬಳಿದು, ಅಡಿಗೆ ಕಲ್ಲು ಕಟ್ಟಿ, ಗುರುತು ಹಾಕಿದ ಹಗ್ಗದಿಂದ ಇಳಿಬಿಟ್ಟರೆ ನಮಗೂ ಅದೇ ಉಪಕರಣ ದೊರೆತಂತಾಯಿತು. ಹೊತ್ತು ಏರಿದ ಮೇಲೆ, ನೀರಿನ ಮೇಲೆ ಥಳಥಳಿಕೆಯಿಲ್ಲದ ಕಡೆ ನಿಂತು ಈ ಪ್ರಯೋಗವನ್ನು ಮಾಡಬೇಕು.

ತಟ್ಟೆಯು 60 ಸೆಂಟಿಮೀಟರ್ ಆಳದಲ್ಲಿ ಕಾಣದಾಯಿತೆನ್ನೋಣ. ಅದಕ್ಕಿಂತ ದೂರದ ವಸ್ತುವನ್ನು ಎಷ್ಟು ದುಬಾರಿಯ ಕ್ಯಾಮರಾ ಆದರೂ ಸ್ಫುಟವಾಗಿ ತೋರಿಸಲಾರದು. ಚಿತ್ರ ಚೊಕ್ಕಟವಾಗಿ ಬರಬೇಕಾದರೆ ಕಣ್ಣಿಗೆ ಕಾಣುವ ದೂರದ ಮೂರರಲ್ಲಿ ಒಂದು ಭಾಗಕ್ಕಿಂತ ಹತ್ತಿರ ಹೋಗಬೇಕೆಂಬುದು ಅನುಭವಿಗಳ ಲೆಕ್ಕ. ಎಂದರೆ ಇಂಥ ಕೆರೆಯಲ್ಲಿ 20 ಸೆಂಟಿಮೀಟರಿನೊಳಗೆ ಕೆಲಸ ನಡೆಯಬೇಕು. ನಾವು ಕೊಳ್ಳುವ ಕ್ಯಾಮರಾ ಅಷ್ಟು ಹತ್ತಿರದ ವಸ್ತುವನ್ನು ಸ್ಫುಟಗೊಳಿಸಬಲ್ಲುದೆ ಎಂಬುದೇ ನಾವು ಕೇಳಬೇಕಾದ ಮೊದಲನೆಯ ಪ್ರಶ್ನೆ.

ನೀರು ಬೆಳಕಿಗೆ ಮಾಡುವುದೇನು?

ನೀರು ಬೆಳಕನ್ನು ಮೂರು ಬಗೆಯಲ್ಲಿ ಮಾರ್ಪಡಿಸುತ್ತದೆ. ಒಂದು, ಹೀರುವುದು. ಶುದ್ಧವಾದ ನೀರು ಕೆಂಪು ಬೆಳಕನ್ನು ಹೆಚ್ಚಾಗಿ ಹೀರಿ, ನೀಲಿಯನ್ನು ಉಳಿಸುತ್ತದೆ. 1921ರಲ್ಲಿ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡ ಸಿ. ವಿ. ರಾಮನ್ನರು, ಆ ಬಣ್ಣ ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳು ಬೆಳಕನ್ನು ಚದುರಿಸುವುದೂ ಅದಕ್ಕೆ ಕಾರಣವೆಂದು ತೋರಿಸಿಕೊಟ್ಟರು. ನಮ್ಮ ಕೆರೆಗಳ ಕಥೆ ಬೇರೆ. ಪಾಚಿಯಲ್ಲಿರುವ ಪತ್ರಹರಿತ್ತು ಕೆಂಪನ್ನೂ ನೀಲಿಯನ್ನೂ ಹೀರಿ ಹಸಿರನ್ನು ಬಿಟ್ಟುಕೊಡುತ್ತದೆ. ಆದುದರಿಂದ ಕೆರೆಯೊಳಗಿನ ಚಿತ್ರಗಳೆಲ್ಲ ಹಸಿರಾಗಿ ಬರುತ್ತವೆ. ಇದಕ್ಕೆ ಪರಿಹಾರವುಂಟು. ಕ್ಯಾಮರಾಕ್ಕೆ ‘ಇದು ಬಿಳಿ’ ಎಂದು ಕಲಿಸುವ ಏರ್ಪಾಡಿದ್ದರೆ, ಅದೇ ಬಿಳಿಯ ತಟ್ಟೆಯನ್ನು ನೀರಿನೊಳಗೆ ತೋರಿಸಿ ಬಣ್ಣವನ್ನು ಸರಿಪಡಿಸಬಹುದು. ‘ವೈಟ್ ಬ್ಯಾಲೆನ್ಸ್’ ಎಂದು ಕರೆಯುವ ಈ ಏರ್ಪಾಡನ್ನು ಕೈಯಿಂದ ಹೊಂದಿಸಲು ಬರುವುದೇ ಎಂಬುದು ಎರಡನೆಯ ಪ್ರಶ್ನೆ.

ಎರಡು, ಬಗ್ಗಿಸುವುದು. ನೀರಿನ ವಕ್ರೀಭವನಾಂಕ ಸುಮಾರು 1.33. ಚಪ್ಪಟೆಯ ಗಾಜಿನ ಮೂಲಕ ನೋಡಿದಾಗ ನೀರಿನಲ್ಲಿ 1 ಮೀಟರ್ ದೂರವಿರುವ ಮೀನು 75 ಸೆಂಟಿಮೀಟರಿನಲ್ಲಿರುವಂತೆ ಕಾಣುತ್ತದೆ. ಕ್ಯಾಮರಾದ ನೋಟವೂ ಕಿರಿದಾಗುತ್ತದೆ: ಗಾಳಿಯಲ್ಲಿ 25 ಮಿಲಿಮೀಟರಿನದಾದ ಮಸೂರ ನೀರಿನಲ್ಲಿ 25 × 1.33, ಅಂದರೆ ಸುಮಾರು 33 ಮಿಲಿಮೀಟರಿನ ಮಸೂರದಂತೆ ವರ್ತಿಸುತ್ತದೆ. ಆದುದರಿಂದ ವಿಶಾಲ ನೋಟದ ಮಸೂರವಿದ್ದರೆ ಅನುಕೂಲ.

ಮೂರು, ಚದುರಿಸುವುದು. ಕೆರೆಯ ನೀರಿನಲ್ಲಿ ತೇಲುವ ಜೇಡಿಯ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಎರಚುತ್ತವೆ. ಚಳಿಗಾಲದ ಮುಂಜಾನೆ ಮಂಜು ಮುಸುಕಿದ ಹೆದ್ದಾರಿಯಲ್ಲಿ ವಾಹನದ ದೀಪವನ್ನು ಎತ್ತರಿಸಿದರೆ ದಾರಿ ಕಾಣುವ ಬದಲು ಬಿಳಿಯ ಗೋಡೆಯೇ ಎದುರು ನಿಲ್ಲುವುದಷ್ಟೆ. ಕ್ಯಾಮರಾದ ಮಿಂಚುದೀಪವನ್ನು ನೀರಿನೊಳಗೆ ಹಚ್ಚಿದರೂ ಹಾಗೆಯೇ. ಚಿತ್ರದ ತುಂಬ ಬಿಳಿಯ ಚುಕ್ಕಿಗಳು ಬೀಳುತ್ತವೆ. ಆ ದೀಪವನ್ನು ಆರಿಸಿ, ಬಿಸಿಲನ್ನು ಬಳಸುವುದೇ ಲೇಸು. ದೀಪ ಬೇಕೇಬೇಕಾದರೆ ಅದನ್ನು ಮಸೂರದಿಂದ ದೂರ, ಪಕ್ಕದಲ್ಲಿ ಹಿಡಿಯಬೇಕು.

ಆಳದ ಅಂಕಿಯ ಗುಟ್ಟು

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಮಿನ ಭಾರ. 10 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಎತ್ತರದ ಕ್ಯಾಮರಾದ ಬೆನ್ನಿನ ಮೇಲೆ 10 ಮೀಟರ್ ಆಳದಲ್ಲಿ 60 ಕಿಲೋಗ್ರಾಮಿನ ಒತ್ತು ಬೀಳುತ್ತದೆ. ಆದರೆ ಅರ್ಧ ಮೀಟರಿನಲ್ಲಿ ಆ ಒತ್ತು 3 ಕಿಲೋಗ್ರಾಮು ಮಾತ್ರ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸಮುದ್ರದಾಳಕ್ಕೆ ಇಳಿಯುವವರಿಗೆ ಆಳದ ಅಂಕಿ ಮುಖ್ಯ. ದಡದಲ್ಲಿ ನಿಂತು ಕೆರೆಗೆ ಕ್ಯಾಮರಾ ಅದ್ದುವವರು 10 ಮೀಟರಿನ ಬದಲು 30 ಮೀಟರಿನದನ್ನು ಹುಡುಕಿ ಹೆಚ್ಚು ಹಣ ತೆರಬೇಕಾದುದಿಲ್ಲ.

ಮುಖ್ಯವಾದುದು ಬಾಗಿಲಿನ ಸುತ್ತಲಿರುವ ರಬ್ಬರಿನ ಅಂಚು. ಅಲ್ಲಿ ಒಂದು ಕೂದಲೋ ಮರಳಿನ ಹರಳೋ ಸಿಕ್ಕಿಕೊಂಡರೆ ಅರ್ಧ ಮೀಟರ್ ನೀರೇ ಸಾಕು, ಕ್ಯಾಮರಾ ಕೆಡುತ್ತದೆ. ಹಳೆಯ ಕ್ಯಾಮರಾ ಕೊಳ್ಳುವವರು ಮೊದಲು ಈ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಬಿರಿದಿದ್ದರೆ, ಗಟ್ಟಿಯಾಗಿದ್ದರೆ ಅದು ನೆಲದ ಮೇಲಿನ ಕ್ಯಾಮರಾವೆಂದೇ ಭಾವಿಸಬೇಕು.

ಫೋನುಗಳ ಮೇಲೆ ಕಾಣುವ ‘ಐಪಿ 68’ ಎಂಬ ಗುರುತಿನಲ್ಲಿ 6 ಎಂಬುದು ಧೂಳನ್ನು ಪೂರ್ತಿ ತಡೆಯುವುದನ್ನೂ, 8 ಎಂಬುದು ತಯಾರಕರು ಹೇಳಿದ ಆಳ ಮತ್ತು ಅವಧಿಯವರೆಗೆ ಮುಳುಗಿರಬಲ್ಲುದೆಂಬುದನ್ನೂ ಸೂಚಿಸುತ್ತವೆ. ಈ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಶುದ್ಧವಾದ ನಿಂತ ನೀರಿನಲ್ಲಿ. ಒಮ್ಮೆ ಬಿದ್ದು ಪೆಟ್ಟಾದ ಫೋನಿಗೆ ಆ ಭರವಸೆ ಅನ್ವಯಿಸದು. ನೀರು ಹೊಕ್ಕು ಕೆಟ್ಟರೆ ಖಾತರಿಯ ಅವಧಿಯಲ್ಲಿಯೂ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ.

ಚುಕ್ಕಿಗಳೂ ಬೆಳಕಿಂಡಿಯೂ

ಈಗ ಮೆಗಾಪಿಕ್ಸೆಲಿನ ಮಾತು. ಅಮೆರಿಕದ ಕೊಡಾಕ್ ಸಂಸ್ಥೆಯಲ್ಲಿ 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯಂತ್ರಶಿಲ್ಪಿ ನಿರ್ಮಿಸಿದ ಡಿಜಿಟಲ್ ಕ್ಯಾಮರಾದ ಚಿತ್ರದಲ್ಲಿ ಇದ್ದುದು 10,000 ಚುಕ್ಕಿಗಳು ಮಾತ್ರ. ಇಂದು 12 ಮೆಗಾಪಿಕ್ಸೆಲ್ ಎಂದರೆ 4,000 × 3,000, ಅಂದರೆ 1 ಕೋಟಿ 20 ಲಕ್ಷ ಚುಕ್ಕಿಗಳು. ಅಂಗುಲಕ್ಕೆ 300 ಚುಕ್ಕಿಯಂತೆ ಮುದ್ರಿಸಿದರೆ 13 ಅಂಗುಲ ಅಗಲ, 10 ಅಂಗುಲ ಎತ್ತರದ ಚಿತ್ರ ಸಿಗುತ್ತದೆ. ಶಾಲೆಯ ಪ್ರದರ್ಶನಕ್ಕೆ ಇಷ್ಟು ಸಾಲದೆ? ಬೆರಳುಗುರಿನಷ್ಟೂ ಇಲ್ಲದ ಸಂವೇದಿ ಫಲಕವನ್ನು ಇನ್ನೂ ಹೆಚ್ಚು ಚುಕ್ಕಿಗಳಾಗಿ ಹಂಚಿದರೆ ಒಂದೊಂದು ಚುಕ್ಕಿಗೆ ದೊರೆಯುವ ಬೆಳಕು ಕಡಮೆಯಾಗುತ್ತದೆ.

ಕಲಕಿದ ನೀರಿನಲ್ಲಿ ಬೆಳಕೇ ಬಡತನದ್ದು. ಆದುದರಿಂದ ಮಸೂರದ ಬೆಳಕಿಂಡಿ ದೊಡ್ಡದಿರಬೇಕು. ಇದನ್ನು ಸೂಚಿಸುವ ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 2ರ ಮಸೂರ ಎಫ್ 3.5ರದಕ್ಕಿಂತ ಸುಮಾರು ಮೂರು ಪಟ್ಟು ಬೆಳಕನ್ನು ಒಳಬಿಡುತ್ತದೆ, 3.5ನ್ನು 2ರಿಂದ ಭಾಗಿಸಿ ವರ್ಗ ಮಾಡಿದರೆ ಈ ಲೆಕ್ಕ ತಾನೇ ತಿಳಿಯುತ್ತದೆ.

ಎರಡು ಉದಾಹರಣೆಗಳನ್ನು ನೋಡೋಣ. 2023ರಲ್ಲಿ ಹೊರಬಂದ ಓಎಂ ಸಿಸ್ಟಮ್ ಟಿಜಿ–7 ಎಂಬುದು 12 ಮೆಗಾಪಿಕ್ಸೆಲಿನದು; 15 ಮೀಟರಿನವರೆಗೆ ನೀರನ್ನು ತಡೆಯುತ್ತದೆ; ಅದರ ಕಿಂಡಿ ಎಫ್ 2ರಿಂದ ಆರಂಭ. ಅದೇ ವರ್ಷದ ಪೆಂಟಾಕ್ಸ್ ಡಬ್ಲ್ಯೂಜಿ–90 ಎಂಬುದರಲ್ಲಿ 16 ಮೆಗಾಪಿಕ್ಸೆಲ್, 14 ಮೀಟರ್, ಎಫ್ 3.5. ಎರಡೂ ಮಸೂರದಿಂದ 1 ಸೆಂಟಿಮೀಟರಿನಷ್ಟು ಹತ್ತಿರದ ವಸ್ತುವನ್ನು ಸ್ಫುಟಗೊಳಿಸಬಲ್ಲವು. ಎರಡನೆಯದರ ಮಸೂರದ ಸುತ್ತ ಆರು ಪುಟ್ಟ ದೀಪಗಳಿವೆ. ಚುಕ್ಕಿಗಳ ಸಂಖ್ಯೆಯನ್ನಷ್ಟೇ ನೋಡುವವನು ಎರಡನೆಯದನ್ನು ಮೇಲೆಂದಾನು. ಕೆರೆಯ ಮಬ್ಬನ್ನು ಬಲ್ಲವನು ಮೊದಲನೆಯದರ ಕಿಂಡಿಯನ್ನು ಗಮನಿಸಿಯಾನು. ಇನ್ನು ಗೋಪ್ರೊ ಮೊದಲಾದ ಸಾಹಸ ಕ್ಯಾಮರಾಗಳು ಚಿಕ್ಕವು, ಗಟ್ಟಿಯಾದುವು. ಗೋಪ್ರೊದ 2016ರಿಂದೀಚಿನ ಹಲವು ಮಾದರಿಗಳು ಬೇರೆ ಕವಚವಿಲ್ಲದೆಯೇ 10 ಮೀಟರ್ ಇಳಿಯಬಲ್ಲವು. ಆದರೆ ಇವುಗಳಲ್ಲಿ ಬಹುಪಾಲಿಗೆ ಸ್ಫುಟತೆಯ ದೂರ ಸ್ಥಿರವಾದುದು. ತೀರ ಹತ್ತಿರದ ವಸ್ತು ಮಸಕಾಗುತ್ತದೆ. ಸಮುದ್ರಕ್ಕೆ ಒಪ್ಪುವ ಈ ಯಂತ್ರ 20 ಸೆಂಟಿಮೀಟರಿನ ಕೆರೆಗೆ ಒಪ್ಪದು.

ದಿನನಿತ್ಯದ ಬಳಕೆ

ನೀರು ತಡೆಯುವ ಗುಣ ನೆಲದ ಮೇಲೆಯೂ ವ್ಯರ್ಥವಲ್ಲ. ನೀರು ಹೊಗದ ಸಂದಿಯಲ್ಲಿ ಮಾಲೂರಿನ ಇಟ್ಟಿಗೆ ಗೂಡುಗಳ ಧೂಳೂ ಹೊಗದು. ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಹೂವಿಗೆ ಮುತ್ತುವ ಜಿಗಿಹುಳುವನ್ನು ಚಿತ್ರಿಸಲು, ನೀರಿನಲ್ಲಿ ನೆರವಾದ ಹತ್ತಿರದ ನೋಟವೇ ನೆರವಾಗುತ್ತದೆ. ಮುಳಬಾಗಿಲಿನ ಬಳಿ ಆವಣಿಯ ದೇವಾಲಯಗಳ ಮಬ್ಬು ಮಂಟಪಗಳಲ್ಲಿ, ಅನುಮತಿ ಪಡೆದು ಕಂಬದ ಕೆತ್ತನೆಯನ್ನು ತೆಗೆಯುವಾಗ, ದೊಡ್ಡ ಬೆಳಕಿಂಡಿಯ ಪ್ರಯೋಜನ ಗೊತ್ತಾಗುತ್ತದೆ. ಒಂದು ಕೊರತೆಯನ್ನು ಮಾತ್ರ ಮರೆಯಬಾರದು. ಈ ಜಾತಿಯ ಕ್ಯಾಮರಾಗಳು ದೂರದ ವಸ್ತುವನ್ನು ನಾಲ್ಕೈದು ಪಟ್ಟಿಗಿಂತ ಹೆಚ್ಚು ಹತ್ತಿರಕ್ಕೆ ತರಲಾರವು. ಕೆರೆಯ ನಡುವೆ ಕುಳಿತ ಹಕ್ಕಿಯ ಮೇಲೆಯೇ ಆಸೆಯಿರುವವರು ನೀರಿನ ಆಸೆಯನ್ನು ಬಿಟ್ಟು ಉದ್ದ ಮಸೂರದ ಸಾಮಾನ್ಯ ಕ್ಯಾಮರಾವನ್ನು ಕೊಳ್ಳುವುದು ಮೇಲು.

ಹಣಕ್ಕೆ ತಕ್ಕ ದಾರಿ

ಜಲನಿರೋಧಕ ಕ್ಯಾಮರಾ ಸಾವಿರಾರು ರೂಪಾಯಿಗಳ ಮಾತು. ಅದನ್ನು ಒಬ್ಬರೇ ಕೊಳ್ಳುವ ಬದಲು ಶಾಲೆಯ ವಿಜ್ಞಾನ ಸಂಘ ಕೊಂಡರೆ ಎಲ್ಲರಿಗೂ ಒದಗುತ್ತದೆ. ಅದೂ ಆಗದಿದ್ದರೆ ಮನೆಯಲ್ಲಿರುವ ಫೋನಿನಿಂದಲೇ ಆರಂಭಿಸಬಹುದು. ಮೀನು ಸಾಕುವ ಸಣ್ಣ ಗಾಜಿನ ತೊಟ್ಟಿಯನ್ನು ನೀರಿನ ಮೇಲಿಟ್ಟು ಒತ್ತಿ, ಅದರೊಳಗಿಂದ ತಳದ ಗಾಜಿನ ಮೂಲಕ ಫೋನಿನಲ್ಲಿ ಚಿತ್ರ ತೆಗೆಯಬಹುದು. 15 ಸೆಂಟಿಮೀಟರ್ ಚೌಕದ ತೊಟ್ಟಿಯನ್ನು 10 ಸೆಂಟಿಮೀಟರ್ ಒತ್ತಿದರೆ ಅದು 2,250 ಘನ ಸೆಂಟಿಮೀಟರ್ ನೀರನ್ನು ಪಲ್ಲಟಿಸುತ್ತದೆ. ಆರ್ಕಿಮಿಡೀಸನ ನಿಯಮದಂತೆ ತೊಟ್ಟಿಯ ತೂಕವೂ ಕೈಯ ಒತ್ತೂ ಸೇರಿ ಎರಡು ಕಾಲು ಕಿಲೋಗ್ರಾಮಾಗಬೇಕು. ಇದಕ್ಕಿಂತಲೂ ಸುಲಭವಾದ ದಾರಿಯೆಂದರೆ ಕೆರೆಯ ನೀರನ್ನೂ ಅದರ ಹುಳುಗಳನ್ನೂ ತೊಟ್ಟಿಗೆ ತಂದು, ಗಾಜಿನ ಮೇಲೆ ಪ್ರತಿಬಿಂಬ ಬೀಳದಂತೆ ಕಪ್ಪು ಬಟ್ಟೆ ಕಟ್ಟಿ, ಹೊರಗಿನಿಂದಲೇ ಚಿತ್ರ ತೆಗೆದು, ಅವನ್ನು ಮತ್ತೆ ಕೆರೆಗೆ ಬಿಡುವುದು. ಫೋನಿಗೆ ಹಾಕುವ ಪ್ಲಾಸ್ಟಿಕ್ ಚೀಲ ಕೊಂಡರೆ, ಮೊದಲು ಒಳಗೆ ಒಣ ಕಾಗದವನ್ನಿಟ್ಟು ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಬೇಕು.

ಜೀವಕ್ಕೆ ಮಿಗಿಲಾದ ಚಿತ್ರವಿಲ್ಲ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕ್ಯಾಮರಾ ನೀರಿಗಿಳಿಯಬೇಕೇ ಹೊರತು ಅದನ್ನು ಹಿಡಿದವರಲ್ಲ. ಮಣ್ಣು ತೆಗೆದ ಕೆರೆಗಳ ತಳದಲ್ಲಿ ಹಠಾತ್ತನೆ ಆಳವಾಗುವ ಗುಂಡಿಗಳಿರುತ್ತವೆ. ನೀರು ತುಂಬಿದ ಮೇಲೆ ಅವು ಕಾಣುವುದಿಲ್ಲ. ತೋಟಗಳ ಕೃಷಿಹೊಂಡಗಳಿಗೆ ಹಾಸಿರುವ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಬಿದ್ದವರಿಗೆ, ಈಜು ಬಲ್ಲವರಿಗೂ, ಹತ್ತಿಬರಲು ಹಿಡಿ ಸಿಗದು. ಕಲ್ಲುಕ್ವಾರಿಗಳ ನೀರಂತೂ ತಿಳಿಯಾಗಿ ಕಂಡು ಮೋಸ ಮಾಡುತ್ತದೆ. ಗಟ್ಟಿಯಾದ ದಡದಲ್ಲಿ ಕುಳಿತು, ಬಿದಿರಿನ ಗಳುವಿನ ತುದಿಗೆ ಕ್ಯಾಮರಾ ಕಟ್ಟಿ ಇಳಿಬಿಟ್ಟು, ತಾನಾಗಿ ಚಿತ್ರ ತೆಗೆಯುವ ಏರ್ಪಾಡನ್ನು ಹೂಡಿದರೆ ಸಾಕು. ಜೊತೆಯಲ್ಲಿ ಹಿರಿಯರೊಬ್ಬರಿರಬೇಕು. ಕೆಲಸ ಮುಗಿದ ಮೇಲೆ ಕ್ಯಾಮರಾವನ್ನು ಶುದ್ಧ ನೀರಿನಲ್ಲಿ ಅದ್ದಿ ತೊಳೆದು, ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿದ ಅನಂತರವೇ ಬಾಗಿಲು ತೆರೆಯಬೇಕು. ಕೈಗಳನ್ನು ಸೋಪಿನಿಂದ ತೊಳೆಯುವುದನ್ನೂ ಮರೆಯಬಾರದು.

ಇಷ್ಟೆಲ್ಲ ಶ್ರಮದಿಂದ ಲಾಭವೇನೆಂದು ಕೇಳಬಹುದು. ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ಉಳಿಯುವ ಸಾರಜನಕ ಮತ್ತು ರಂಜಕದ ಅಂಶಗಳು ಪಾಚಿಗೆ ಗೊಬ್ಬರವಾಗುತ್ತವೆ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಬಿಳಿಯ ತಟ್ಟೆಯನ್ನು ಅಷ್ಟೇ ಆಳದಲ್ಲಿಟ್ಟು, ಕ್ಯಾಮರಾದ ಹೊಂದಿಕೆಗಳನ್ನು ಬದಲಿಸದೆ ಚಿತ್ರ ತೆಗೆದು ತಾರೀಖು ಬರೆದಿಟ್ಟರೆ, ಒಂದು ವರ್ಷದಲ್ಲಿ ಆ ಕೆರೆಯ ಚರಿತ್ರೆಯ ಒಂದು ಅಧ್ಯಾಯ ಸಿದ್ಧವಾಗುತ್ತದೆ. ಊರಿನ ಕೆರೆ ಬದಲಾಗುತ್ತಿದೆಯೆಂದು ಹೇಳುವವರು ಅನೇಕರಿದ್ದಾರೆ, ತೋರಿಸಬಲ್ಲವರು ಕಡಮೆ.

ಆದರೆ ಚಿತ್ರದ ಮಿತಿಯನ್ನೂ ಅರಿತಿರಬೇಕು. ತಿಳಿಯಾದ ನೀರೆಲ್ಲ ಒಳ್ಳೆಯ ನೀರಲ್ಲ. ಕೋಲಾರದ ಎಷ್ಟೋ ಕೊಳವೆಬಾವಿಗಳ ಸ್ಫಟಿಕದಂಥ ನೀರಿನಲ್ಲಿ ಫ್ಲೋರೈಡ್ ಅಡಗಿದೆ. ಅದನ್ನು ಯಾವ ಕ್ಯಾಮರಾವೂ ಕಾಣದು, ಪ್ರಯೋಗಶಾಲೆಯೇ ಹೇಳಬೇಕು. ಕ್ಯಾಮರಾ ಹೇಳುವುದು ಬಣ್ಣವನ್ನು, ಮಬ್ಬನ್ನು, ಅಲ್ಲಿ ಬದುಕುವ ಜೀವಿಗಳನ್ನು. ಅಷ್ಟನ್ನು ಸರಿಯಾಗಿ ಹೇಳಬೇಕಾದರೆ ನಾವು ಅಂಗಡಿಗೆ ಹೋಗುವ ಮೊದಲು ಒಂದು ಬಿಳಿಯ ತಟ್ಟೆಯೊಡನೆ ಕೆರೆಗೆ ಹೋಗಿ ಬರುವುದು ಒಳ್ಳೆಯದು.