ಮರುಬಳಕೆ ಸರಕಿನ ಆನ್‌ಲೈನ್ ಪೇಟೆ: ಹೋಟೆಲಿನವರಿಗೆ ಒಂದು ಪಾಠ



ನಾವು ಹೋಟೆಲ್ ನಡೆಸುವ ಹೌರಾದಲ್ಲಿ ಗುಜರಿಗೂ ಬೆಲೆಯುಂಟು. ಇಲ್ಲಿನ ಫೌಂಡ್ರಿಗಳಲ್ಲಿ ಗುಜರಿ ಕಬ್ಬಿಣವನ್ನೂ ಕರಗಿಸಿ ಎರಕ ಹೊಯ್ಯುತ್ತಾರೆ; ಹೌರಾದ ಮ್ಯಾನ್‌ಹೋಲ್ ಮುಚ್ಚಳ ನ್ಯೂಯಾರ್ಕಿನ ರಸ್ತೆಗೂ ಹೋಗಿದೆ. ಹಳೆ ಪೇಪರ್ ಅಂಟಿಸಿ ಮಾಡುವ ಚೀಲಕ್ಕೆ ಇಲ್ಲಿ 'ಠೋಂಗಾ' ಎನ್ನುತ್ತಾರೆ. ಇಂಥ ಸರಕಿಗೆ ನಾವೇ ಆನ್‌ಲೈನ್ ಪೇಟೆ ಕಟ್ಟುವುದಾದರೆ ಅದು ಹೇಗಿರಬೇಕು?

ಮೊದಲು ನಮ್ಮ ತಪ್ಪು ಹೇಳುತ್ತೇವೆ. ಹಿಂದೆ ಬಿಸಿ ವಡೆಯನ್ನು ಠೋಂಗಾದಲ್ಲೇ ಪಾರ್ಸೆಲ್ ಕೊಡುತ್ತಿದ್ದೆವು. ಒಬ್ಬ ಗಿರಾಕಿ ವಾಪಸು ತಂದು ತೋರಿಸಿದರು. ವಡೆಯ ಮೇಲೆ ಬಂಗಾಳಿ ಅಕ್ಷರ ತಿರುಗುಮುರುಗಾಗಿ ಮೂಡಿತ್ತು! ಎಣ್ಣೆ ತಾಗಿದರೆ ಶಾಯಿ ಬಿಡುತ್ತದೆ. ನ್ಯೂಸ್‌ಪೇಪರಿನಲ್ಲಿ ತಿಂಡಿ ಕಟ್ಟಬಾರದೆಂದು ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮವೂ ಹೇಳುತ್ತದೆ.

ಆದ್ದರಿಂದ ಸರಕನ್ನು ಮೊದಲೇ ಎರಡು ಪಾಲು ಮಾಡಬೇಕು.

1. ತಿಂಡಿಗೆ ತಾಗುವುದು: ತಟ್ಟೆ, ಡಬ್ಬಿ, ಪಾರ್ಸೆಲ್ ಚೀಲ. ಯಾವುದರಿಂದ ಮಾಡಿದ್ದು, ಆಹಾರಕ್ಕೆ ಯೋಗ್ಯವೆಂಬ ದಾಖಲೆ ಇದೆಯೇ? ಇವೆರಡೂ ಇಲ್ಲದಿದ್ದರೆ ಪಟ್ಟಿಗೆ ಸೇರಿಸಬಾರದು. ಮರುಬಳಕೆ ಪ್ಲಾಸ್ಟಿಕ್ ಆದರೆ ಎಫ್‌ಎಸ್‌ಎಸ್‌ಎಐ ಮಾನದಂಡಕ್ಕೆ ಒಪ್ಪಿರಲೇಬೇಕು.

2. ತಾಗದಿರುವುದು: ಕುರ್ಚಿ, ಕಾಲೊರಸು, ಬಿಲ್ ಪುಸ್ತಕ, ಕಸದ ಡಬ್ಬಿ. ಇಲ್ಲಿ ಗಟ್ಟಿತನ ನೋಡಿದರೆ ಸಾಕು.

ಎರಡಕ್ಕೂ ಅಳತೆ, ಫೋಟೋ, ಕನಿಷ್ಠ ಆರ್ಡರ್, ಲಾರಿ ಬಾಡಿಗೆ ಸೇರಿದ ದರ ಕಾಣಿಸಬೇಕು. ಸ್ಯಾಂಪಲ್ ನೋಡದೆ ದೊಡ್ಡ ಆರ್ಡರ್ ಕೊಡಬೇಡಿ.

ಠೋಂಗಾ ಎರಡನೇ ಪಾಲಿಗೆ ಸೇರಲಿ. ಸಾಬೂನು, ಮೊಳೆ ಮಾರುವ ಅಂಗಡಿಯವರನ್ನೂ ಪೇಟೆಗೆ ಕರೆಯೋಣ. ಚೀಲ ಅಂಟಿಸುವವರ ಕೂಲಿಯೂ ನಿಲ್ಲಬಾರದು, ಗಿರಾಕಿಯ ಹೊಟ್ಟೆಯೂ ಕೆಡಬಾರದು.