ಹೊಲ ಖಾಲಿ ಇದ್ದಾಗಲೇ ಹಿಂಗಾರಿಯ ನೀರು ಹಿಡಿಯಿರಿ

ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಬಿತ್ತನೆಯಾದ ಮೇಲೆ ಬೀಳುವ ಮಳೆ ಬಲು ಕಡಿಮೆ. ಹಸ್ತ, ಚಿತ್ತ ಮುಗಿದರೆ ಸ್ವಾತಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲಿಂದ ಕೊಯ್ಲಿನವರೆಗೆ ಜೋಳ, ಕಡಲೆ, ಕುಸುಬೆ ಬದುಕುವುದು ಭೂಮಿಯೊಳಗೆ ಇಂಗಿದ ನೀರಿನ ಮೇಲೆಯೇ. ಹಾಗಾಗಿ ಹಿಂಗಾರಿ ಫಸಲಿನ ಮುಖ್ಯ ಕೆಲಸ ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಹೊಲ ಖಾಲಿ ಇರುವಾಗ ಆಗಬೇಕು. ಬಹಳಷ್ಟು ಜನ ಆ ಹೊಲಗಳ ಕಡೆ ಹಾಯುವುದೇ ಆ ತಿಂಗಳುಗಳಲ್ಲಿ ಕಡಿಮೆ.

ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ಮೊದಲ ಮಳೆಯ ನೀರು ಬಿರುಕುಗಳಲ್ಲಿ ಸರಸರನೆ ಇಳಿಯುತ್ತದೆ. ಮೇಲ್ಮಣ್ಣು ನೆನೆದು ಬಿರುಕು ಮುಚ್ಚಿಕೊಂಡಿತೋ, ಆಮೇಲೆ ತಾಸಿಗೆ ಕೆಲವೇ ಮಿ.ಮೀ. ನೀರು ಇಂಗೀತು. ನಮ್ಮ ಮಳೆಗೆ ಆ ತಾಳ್ಮೆ ಇಲ್ಲ. ಸಂಜೆ ಗುಡುಗು ಹೊಡೆದು ಒಂದೆರಡು ತಾಸಿನಲ್ಲಿ 60 ಮಿ.ಮೀ. ಸುರಿದು ಹೋಗುವುದುಂಟು. ಎಕರೆ ಮೇಲೆ 1 ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್ ನೀರು, 60 ಮಿ.ಮೀ. ಅಂದರೆ 2.4 ಲಕ್ಷ ಲೀಟರ್. ಅದರಲ್ಲಿ ಮೂರನೇ ಒಂದು ಪಾಲು ಹಳ್ಳ ಸೇರಿದರೂ ಎಕರೆಗೆ 80 ಸಾವಿರ ಲೀಟರ್ ಕಳೆದುಕೊಂಡಂತೆ, ಅದರ ಬೆನ್ನಿಗೆ ಮೇಲ್ಮಣ್ಣೂ ಹೋಯಿತು. ಮಳೆ ಚಲೋ ಆದ ವರ್ಷವೂ ಜೋಳ ತೆನೆ ಕಟ್ಟುವಾಗ ಒಣಗುವುದಕ್ಕೆ ಇದೇ ಮೂಲ.

ಹೊಲದ ಸುತ್ತ ದೊಡ್ಡ ಒಡ್ಡು ಇದೆಯಲ್ಲ ಎನ್ನಬಹುದು. ಒಡ್ಡು ನೀರನ್ನು ತಡೆಯುತ್ತದೆ ನಿಜ, ಆದರೆ ತಡೆಯುವುದು ಕೆಳಗಿನ ಅಂಚಿನಲ್ಲಿ. ಅಲ್ಲಿ ನೀರು ನಿಂತು ಕೆಸರಾಗುತ್ತದೆ, ಮೇಲಿನ ಭಾಗ ಒಣಗಿರುತ್ತದೆ. ಒಂದೇ ಹೊಲದಲ್ಲಿ ಕೆಳಗೆ ಎದೆಯೆತ್ತರದ ಜೋಳ, ಮೇಲೆ ಸೊಂಟದೆತ್ತರದ್ದು ಕಂಡರೆ ತಪ್ಪು ಬೀಜದ್ದಲ್ಲ.

ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯಲು ಚೌಕು ಮಡಿ ಬೇಕು. ವಿಜಯಪುರದ ಕೃಷಿ ಸಂಶೋಧನಾ ಕೇಂದ್ರ ಮೊದಲಿನಿಂದ ಒತ್ತು ಕೊಟ್ಟದ್ದು ಇಂಥ ಒಣ ಬೇಸಾಯದ ಪದ್ಧತಿಗಳಿಗೇ. ಮುಂಗಾರಿನ ಮೊದಲ ಮಳೆಗೆ ಎದ್ದ ಕಸವನ್ನು ಕುಂಟೆ ಹೊಡೆದು ಹರಗಿ, ಜುಲೈ ಹೊತ್ತಿಗೆ 10ರಿಂದ 15 ಅಡಿ ಚೌಕದ ಮಡಿ ಹಾಕಿ. ಬದುವಿನ ಎತ್ತರ ಅರ್ಧದಿಂದ ಮುಕ್ಕಾಲು ಅಡಿ ಸಾಕು. ಎತ್ತಿನ ಸಲಕರಣೆಯೂ ಇದೆ, ಟ್ರ್ಯಾಕ್ಟರಿನದೂ ಇದೆ. ಹದ ಮಾತ್ರ ನೋಡಬೇಕು: ತೀರಾ ಹಸಿ ಇದ್ದರೆ ಮಣ್ಣು ಸಲಕರಣೆಗೆ ಮೆತ್ತಿಕೊಳ್ಳುತ್ತದೆ, ಒಣಗಿದ್ದರೆ ಬದುವಿನ ಹೆಂಟೆಗಳ ಸಂದಿಯಲ್ಲೇ ನೀರು ಸೋರುತ್ತದೆ. ಇಳಿಜಾರು ನೂರಡಿಗೆ ಒಂದಡಿಗಿಂತ ಹೆಚ್ಚಿದ್ದಲ್ಲಿ ಮಡಿಗಿಂತ ಇಳಿಜಾರಿಗೆ ಅಡ್ಡಲಾಗಿ ದಿಂಡು-ಸಾಲು ಮಾಡುವುದೇ ಲೇಸು. ಮಡಿ ಹಾಕಿದ ಮೇಲೆ ಹರಗುವುದು ಕಷ್ಟ ಎಂಬ ದೂರು ಸುಳ್ಳಲ್ಲ. ಕಸ ಹೆಚ್ಚಿದರೆ ಆಳು ಹಚ್ಚಿಯಾದರೂ ತೆಗೆಸಿ. ಖಾಲಿ ಹೊಲದ ಕಸ ಕುಡಿಯುವುದು ಜೋಳದ ಪಾಲಿನ ನೀರನ್ನೇ.

ಬಿತ್ತುವ ಮೊದಲು ಕಬ್ಬಿಣದ ಸಲಾಕೆಯೊಂದನ್ನು ಹೊಲದ ನಾಲ್ಕಾರು ಕಡೆ ಒತ್ತಿ ನೋಡಿ. ಹಸಿ ಇರುವಷ್ಟು ಆಳ ಅದು ಸಲೀಸಾಗಿ ಇಳಿದು, ಒಣ ಮಣ್ಣು ಸಿಕ್ಕಲ್ಲಿ ಗಕ್ಕನೆ ನಿಲ್ಲುತ್ತದೆ. ಒಂದು ಅಡಿ ಹಸಿ ಎರೆಯಲ್ಲಿ ಬೆಳೆಗೆ ದಕ್ಕುವ ನೀರು ಸುಮಾರು 50 ಮಿ.ಮೀ. ಮೂರು ಅಡಿ ಇಳಿದರೆ ಮಾಲದಂಡಿ ಜೋಳವನ್ನು ಧೈರ್ಯವಾಗಿ ಬಿತ್ತಬಹುದು. ಎರಡು ಅಡಿಯೂ ಇಳಿಯದಿದ್ದರೆ ನಾಲ್ಕು ತಿಂಗಳ ಜೋಳಕ್ಕಿಂತ ಸುಮಾರು 100 ದಿನಕ್ಕೆ ಬರುವ ಜೆಜಿ-11 ಕಡಲೆ ವಾಸಿ ಎಂಬುದು ನನ್ನ ಅಭಿಪ್ರಾಯ. ಪಂಚಾಂಗ ನೋಡಿ ಬೆಳೆ ಆರಿಸುವವರು ಸಲಾಕೆಯ ಮಾತನ್ನೂ ಕೇಳಲಿ.

ಬಿತ್ತನೆಯಾದ ಮೇಲಿನ ಕೆಲಸ ಇದ್ದ ತೇವ ಕಾಯುವುದು. ಬಿರುಕು ಬಿಟ್ಟಲ್ಲೆಲ್ಲ ಆಳದ ಹಸಿ ಗಾಳಿಗೆ ಹಾರುತ್ತದೆ. ಬಿತ್ತಿ ಮೂರು ವಾರಕ್ಕೆ ಒಮ್ಮೆ, ಐದನೇ ವಾರಕ್ಕೆ ಇನ್ನೊಮ್ಮೆ ಎಡೆ ಹೊಡೆಯಿರಿ. ಎಂಟನೇ ವಾರದ ಎಡೆಯನ್ನು ಕಸವಿಲ್ಲವೆಂದು ಬಿಡುವವರೇ ಹೆಚ್ಚು. ಆದರೆ ಆ ಎಡೆ ಇರುವುದು ಸಡಿಲ ಮಣ್ಣಿನಿಂದ ಬಿರುಕು ತುಂಬುವುದಕ್ಕೆ. ಮೇಲಿನ ಎರಡು ಬೆರಳು ಮಣ್ಣು ಪುಡಿಯಾದರೆ ಸಾಕು, ಆಳಕ್ಕೆ ಹೋದರೆ ಬೇರು ಹರಿಯುತ್ತದೆ.

ಹೂವಾದ ಮೇಲೆ ತೇವ ಕೈಕೊಟ್ಟರೆ ಜೋಳಕ್ಕೆ ಇದ್ದಿಲು ಕೊಳೆ ರೋಗ ಬೀಳುತ್ತದೆ. ಕಾಳು ಕಟ್ಟುವ ಹೊತ್ತಿಗೆ ಗಿಡ ಬುಡದಲ್ಲಿ ಮುರಿದು ಮಲಗುತ್ತದೆ. ದಂಟು ಸೀಳಿದರೆ ಒಳಗಿನ ತಿರುಳು ಮಾಯವಾಗಿ ಬರೀ ನಾರು, ನಾರಿನ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಆ ಹಂತದಲ್ಲಿ ಔಷಧಿ ಹೊಡೆದು ಫಲವಿಲ್ಲ. ಕೃಷಿ ಹೊಂಡದಲ್ಲಿ ನೀರಿದ್ದರೆ ಹೊಡೆ ತುಂಬುವಾಗಲೇ ಒಂದು ಸಲ ಹಾಯಿಸಿ. ಹೊಂಡ ಇಲ್ಲದವರು, ಬೆಳೆ ಮೊಣಕಾಲೆತ್ತರ ಇದ್ದಾಗಲೇ ಮಧ್ಯಾಹ್ನಕ್ಕೆ ಎಲೆ ಸುರುಳಿ ಸುತ್ತಿ ಸಂಜೆಗೂ ಬಿಚ್ಚದಿದ್ದರೆ, ಪ್ರತಿ ಮೂರನೇ ಸಾಲು ಕಿತ್ತುಬಿಡಿ. ಉಳಿದೆರಡು ಸಾಲಿಗೆ ಅಷ್ಟು ನೀರು ಉಳಿಯುತ್ತದೆ. ಕಿತ್ತ ಎಳೆ ಜೋಳದಲ್ಲಿ, ಅದೂ ಬರಕ್ಕೆ ಬಾಡಿದ್ದರಲ್ಲಿ, ವಿಷದ ಅಂಶ ಇರುತ್ತದೆ. ಹಸಿಯಾಗಿ ದನಗಳ ಮುಂದೆ ಹಾಕಬೇಡಿ.